ಬಸ್ಸಿನ ಮೇಲೆ ಬಂದ ಗಾಳಿ

ಬೊಂಬಾಯಿಯ ಗಾಳಿಯನ್ನು ಸಿಲಿಂಡರಿನಲ್ಲಿ ತುಂಬಿಸಿ, ಬಸ್ಸಿನ ಮೇಲೆ ಹೇರಿ ಊರಿಗೆ ತಂದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಗಂಡನ ಅಣ್ಣ. ಕಡಲ ಬದಿಯ ನಮ್ಮ ಉಪ್ಪುಂದದಲ್ಲಿ ಗಾಳಿಗೇನು ಬರವೇ!

ಇಳಿಸುವಾಗಲೇ ನೆರೆಮನೆಯ ಗಿರಿಜಕ್ಕ ಕೇಳಿದಳು: "ಎಂತ ಮರಾಯ್ರೆ, ಸೋಡಾ ಅಂಗಡಿ ಇಡ್ತ್ರಿಯಾ?"

"ಅಲ್ಲ. ಇದನ್ ಬೆನ್ನಿಗ್ ಕಟ್ಕಂಡ್ ಕಡ್ಲಡಿಗ್ ಹೋತೆ. ಮೀನಿನ್ ಸಿನಿಮಾ ತೆಗಿತೆ."

"ಮೀನಿಗ್ ಪಾರ್ಟ್ ಕಲ್ಸುದ್ ಯಾರ್?"

ಭಾವ ಬೊಂಬಾಯಿಯ ಹೋಟೆಲಿನಲ್ಲಿ ಅಡುಗೆಗಿದ್ದವರು. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ವಿದೇಶಿ ನಾವಿಕನೊಬ್ಬನಿಂದ ಮುಳುಗುವ ವಿದ್ಯೆ ಕಲಿತು, ಅವನ ಹಳೆಯ ಸಿನಿಮಾ ಕೆಮರಾವನ್ನೂ ಕೊಂಡಿದ್ದರು. ಅದಕ್ಕೆ ನೀರು ತಾಗದಂತೆ ಗಾಜಿನ ಕಿಟಕಿಯ ಮರದ ಪೆಟ್ಟಿಗೆ ಮಾಡಿ, ಸಂದುಗಳಿಗೆ ದೋಣಿಗೆ ತುಂಬುವ ಹಾಗೆ ಹತ್ತಿ, ರಾಳ ತುಂಬಿದರು. ಒಳಗೆ ಕೆಮರಾ ಅಲುಗದಿರಲು ನನ್ನ ಮಗುವಿನ ಫ್ಲಾನಲ್ ಅಂಗಿ. ಕೇಳಿ ತೆಗೆದುಕೊಂಡದ್ದಲ್ಲ ಬಿಡಿ.

ಪೆಟ್ಟಿಗೆಯ ಪರೀಕ್ಷೆಗೆ ಸಿಕ್ಕಿದ್ದು ನಮ್ಮ ಬಾವಿ. ಅತ್ತೆ ಬಾವಿಕಟ್ಟೆಯಲ್ಲಿ ನಿಂತು, "ಕುಡಿಯೂ ನೀರಿಗ್ ಇಳಿತ್ಯನಾ?" ಎಂದು ಬೈಯುತ್ತಿದ್ದಂತೆ ಭಾವ ಮುಳುಗಿದರು. ಮೇಲೆ ಬಂದಾಗ ಪೆಟ್ಟಿಗೆಯೊಳಗೆ ಹನಿ ನೀರಿಲ್ಲ. ಇನ್ನೊಂದು ಕೈಯಲ್ಲಿ, ನಾನು ಮದುವೆಯಾಗಿ ಬಂದ ವರ್ಷ ಬಿದ್ದ ಕೊಡಪಾನ! ಆಮೇಲೆ ಕೇಳಬೇಕೇ? ಗಿರಿಜಕ್ಕ ಅಂಗಳಕ್ಕೇ ಬಂದಳು. "ಹ್ವಾಯ್, ನಮ್ಮ ಬಾವಿಯೊಳ್ಗೂ ಒಂದ್ ಇತ್ತ್. ಒಂಚೂರ್ ಕಂಡ್ ಕೊಡಿ."

ಅತ್ತೆಗೆ ಮಾತ್ರ ನಗು ಬರಲಿಲ್ಲ. ಹೆಡಿಗೆ ಹೊತ್ತು ಮೀನು ಮಾರಿ ಮಕ್ಕಳನ್ನು ಸಾಕಿದವರು ಅವರು. ಕಡಲ ಮೇಲೆ ಹೋದವರನ್ನು ಕಾಯುವುದೇ ಸಾಕಾಗಿತ್ತು. ಕಡಲ ಅಡಿಗೂ ಹೋಗುತ್ತೇನೆ ಎಂದರೆ?

"ಒಂದೇ ಸಲ ಇಳಿ. ಸಿನಿಮಾದೊಳ್ಗೆ ಎಂತದೂ ಕಾಣ್ದಿದ್ರೆ ಇದೆಲ್ಲ ಮಾರಿ ಹೋಟ್ಲಿಗೇ ವಾಪಸ್ ಹೋಯ್ಕ್."

"ಹೋತೆ ಅಬ್ಬೆ," ಎಂದರು ಭಾವ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೈಂದೂರಿನ ಆಚೆ ಬಂಡೆಗಳ ಬಳಿ ಮುಳುಗಿ ಬಂದವರಿಗೆ ಮಾತೇ ಮುಗಿಯದು. ಕೆಳಗೆ ಬಿಸಿಲು ಮಗ್ಗದ ನೂಲಿನ ಹಾಗೆ ಇಳಿದಿತ್ತಂತೆ. ಮೈಗೆ ತೂಕವೇ ಇಲ್ಲವಂತೆ. ಊಟಕ್ಕೆ ಕೂತರೆ ಮೀನು ಮುಟ್ಟಲೊಲ್ಲರು. ಪರಿಚಯವಾದವರನ್ನು ತಿನ್ನುವುದು ಹೇಗೆ ಎಂದು ನನ್ನನ್ನೇ ಕೇಳಿದರು.

"ಪರಿಚಯ ಆಗ್ದೇ ಇದ್ದದ್ ಬಡ್ಸ್, ಹೆಣೆ," ಎಂದು ಅತ್ತೆ ನನಗೆ ಹೇಳಿದರು.

ಫಿಲ್ಮು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬಂತು. ಕುಂದಾಪುರದ ಸ್ಟುಡಿಯೊದಿಂದ ಪ್ರೊಜೆಕ್ಟರ್ ತಂದು, ಮುಸ್ಸಂಜೆಗೆ ಚಾವಡಿಯ ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಮೊದಲು ಕಂಡದ್ದು ಭಾವನ ಕಾಲಿನ ಹೆಬ್ಬೆರಳು. ಆಮೇಲೆ ಬರೀ ಹಸಿರು. ಮತ್ತೂ ಹಸಿರು.

"ನಮ್ಮನಿ ಕೆರಿ ಕಂಡಂಗೇ ಇತ್ತಲೆ," ಎಂದಳು ಗಿರಿಜಕ್ಕ. ಎಲ್ಲರೂ ನಕ್ಕರು. ಭಾವ ತಲೆ ತಗ್ಗಿಸಿದರು.

ಅಷ್ಟರಲ್ಲಿ ಪಂಚೆಯ ಮೂಲೆಯಿಂದ ಬಂಗುಡೆ ಮೀನುಗಳ ಹಿಂಡು ನುಗ್ಗಿತು. ಒಂದೇ ಮೈಯೆನ್ನುವಂತೆ ಎಲ್ಲವೂ ಒಟ್ಟಿಗೆ ತಿರುಗಿದವು, ಮಿಂಚಿದವು. ಅತ್ತೆ ಎದ್ದು ಪಂಚೆಯ ಹತ್ತಿರ ಹೋದರು. ಮೀನುಗಳು ಅವರ ನರೆಗೂದಲ ಮೇಲೆ, ಹೆಡಿಗೆ ಹೊತ್ತು ತಗ್ಗಿದ ಹೆಗಲ ಮೇಲೆ ಈಜಿದವು. ಯಾರೂ 'ಅಡ್ಡ ಬಂತು, ಸರಿಯಿರಿ' ಎನ್ನಲಿಲ್ಲ.

"ಹೆಡ್ಗಿಗ್ ಬಪ್ಪು ಹೊತ್ತಿಗೆ ಇವ್ಕೆ ಈ ಬಣ್ಣ ಇಪ್ಪುದಿಲ್ಲೆ, ಮಗಾ," ಎಂದರು. ಇಷ್ಟು ವರ್ಷ ಮೀನು ಮಾರಿದವರು ಜೀವಂತ ಬಂಗುಡೆಯನ್ನು ಕಂಡದ್ದು ಅಂದೇ. ನಮ್ಮಲ್ಲಿ ಹೆಂಗಸರು ದೋಣಿ ಹತ್ತುತ್ತಿರಲಿಲ್ಲ.

ಸುರುಳಿ ಮುಗಿದು ಪಂಚೆ ಬೆಳ್ಳಗಾಯಿತು. ಅತ್ತೆ ನಿಂತೇ ಇದ್ದರು.

"ಇನ್ನೊಂದ್ ಸಲ ಹಾಕ್. ಮುಂದಿನ್ ಸಲ ನೀ ಇಳಿವು ಹೊತ್ತಿಗೆ ನಾನೂ ದೋಣಿ ಹತ್ತಿ ಬತ್ತೆ."

ಭಾವ ಫಿಲ್ಮನ್ನು ಮತ್ತೆ ಪೋಣಿಸಲು ಹೊರಟರು. ಕಣ್ಣು ಅತ್ತೆಯ ಮೇಲೆಯೇ ಇದ್ದು ಅದು ಸಂದಿಗೇ ಸೇರಲೊಲ್ಲದು. ನಾನು ಹೋಗಿ ತುದಿ ಹಿಡಿದುಕೊಂಡೆ.