ಪುಟ್ಟಯ್ಯನ ಪಾಲಿನ ಗಾಳಿ

ತಪ್ಪು ಕಂಡರೆ ಸುಮ್ಮನಿರಲಾರದ ಚಾಳಿ ನನ್ನದು. ಅದನ್ನು ಗುಣವೆಂದೇ ನಲವತ್ತು ವರ್ಷ ನಂಬಿಕೊಂಡಿದ್ದೆ. ಹರಿಕಥೆಯಲ್ಲಿ ಆಂಜನೇಯ ಸಮುದ್ರ ಹಾರುತ್ತಿದ್ದಾಗ, ಎಷ್ಟು ಹೊತ್ತಿಗೆ ಹೊರಟ, ಎಷ್ಟು ಹೊತ್ತಿಗೆ ಮುಟ್ಟಿದ, ಹಾಗಾದರೆ ಗಂಟೆಗೆ ಎಷ್ಟು ಯೋಜನವಾಯಿತು ಎಂದು ಎದ್ದು ನಿಂತು ಕೇಳಿದವನು ನಾನು. ದಾಸರು ಹಾಡು ನಿಲ್ಲಿಸಿ, "ಸ್ವಾಮಿ, ಪ್ರಸಾದಕ್ಕೆ ಇನ್ನೂ ಹೊತ್ತಿದೆ, ಕೂತ್ಕೊಳಿ" ಎಂದರು. ಮಾವನವರ ತಿಥಿಯಲ್ಲಿ ಪುರೋಹಿತರು ಸಂಕಲ್ಪದಲ್ಲಿ ಪಕ್ಷ ತಪ್ಪಿ ಹೇಳಿದರೆಂದು, ಪಿಂಡ ಹಿಡಿದು ಕೂತಿದ್ದ ಭಾವಮೈದುನನನ್ನು ತಡೆದು ಎಲ್ಲವನ್ನೂ ಮೊದಲಿನಿಂದ ಮಾಡಿಸಿದೆ. ಅವತ್ತು ಎಲೆ ಹಾಕಿದ್ದು ಸಂಜೆ ನಾಲ್ಕಕ್ಕೆ. "ಕರಕೊಂಡು ಹೋಗೋಕೆ ಯಮ ಬಂದ್ರೂ, ನಿನ್ನ ಲೆಕ್ಕ ತಪ್ಪಿದೆ, ಹೋಗಿ ಬಾ ಅಂತೀರಿ" ಎಂದು ನನ್ನ ಹೆಂಡತಿ ಅಂದಳು. ಆಗ ನಕ್ಕಿದ್ದೆ.

ನಾನಾಗ ಮೈಸೂರಿನ ಒಂದು ಕಚೇರಿಯಲ್ಲಿ ಸೇತುವೆ, ಕಾಲುವೆಗಳ ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಇಳಿಸುವ ಕೆಲಸದಲ್ಲಿದ್ದೆ. ಆ ನಕ್ಷೆಗಳ ನೀಲಿ ಪ್ರತಿ ತೆಗೆಯುತ್ತಿದ್ದವರು ನಂಜುಂಡಸ್ವಾಮಿ. ನಮ್ಮಿಬ್ಬರ ಮೇಲೆ ಹೆಡ್ ಡ್ರಾಫ್ಟ್ಸ್‌ಮನ್ ಚನ್ನೇಗೌಡರು. ಮೂವರೂ ಸೇರಿ ಒಂದು ವಾರಪತ್ರಿಕೆ ತರಿಸುತ್ತಿದ್ದೆವು. ಅದರಲ್ಲಿ ಐದು ಜನ ರಾಕೆಟ್ಟಿನಲ್ಲಿ ಕೂತು ಮಂಗಳಗ್ರಹಕ್ಕೆ ಹೊರಟ ಧಾರಾವಾಹಿ ಬರುತ್ತಿತ್ತು. ಬುಧವಾರ ಪತ್ರಿಕೆ ಬಂದ ಕೂಡಲೇ ಯಾರೂ ಕದ್ದು ಓದಬಾರದೆಂದು ಗೌಡರು ಅದನ್ನು ನಕ್ಷೆಗಳ ಡ್ರಾಯರಿನಲ್ಲಿಟ್ಟು ಬೀಗ ಹಾಕುವರು. ಟಿಫನ್ ಹೊತ್ತಿಗೆ ಬೀಗ ತೆಗೆದರೆ ನಂಜುಂಡಸ್ವಾಮಿ ಗಟ್ಟಿಯಾಗಿ ಓದುವರು. ಆಮೇಲೆ ಶುರುವಾಗುತ್ತಿತ್ತು ನಮ್ಮ ಜಗಳ.

ಆ ಐವರಲ್ಲಿ ಪುಟ್ಟಯ್ಯನೆಂಬ ಮುದಿ ಮೆಕ್ಯಾನಿಕ್ ಒಬ್ಬನಿದ್ದ. ಕಾಯಿಲೆಯಲ್ಲಿ ಒಂದು ಶ್ವಾಸಕೋಶ ಕಳೆದುಕೊಂಡವನು, ಡಾಕ್ಟರು ಬೇಡವೆಂದರೂ ಹಟ ಹಿಡಿದು ರಾಕೆಟ್ ಹತ್ತಿದವನು. ಕೈಯಲ್ಲಿ ಸ್ಪ್ಯಾನರ್, ಬಾಯಲ್ಲಿ ಸದಾ ಚಿಗುರು ವೀಳ್ಯದೆಲೆ ಮತ್ತು ಹೊಗೆಸೊಪ್ಪು. ಯಾವುದಕ್ಕೂ ತೂಕವೇ ಇಲ್ಲದ ಕಡೆ ಅವನು ಉಗುಳಿದ್ದು ಎಲ್ಲಿಗೆ ಹೋಗಿ ಬೀಳುತ್ತದೆ ಎಂದು ನಾನು ತಕರಾರು ತೆಗೆದೆ.

"ಉಗುಳೋದ್ಯಾಕ್ರೀ, ನುಂಗ್ತಾನೆ ಬುಡಿ" ಎಂದರು ಗೌಡರು.

"ಹೊಗೆಸೊಪ್ಪು ನುಂಗಿದ್ರೆ ಮಂಗಳ ಸೇರೋಕೆ ಮುಂಚೆ ಸ್ವರ್ಗ ಸೇರ್ತಾನೆ ಗೌಡ್ರೇ" ಎಂದರು ನಂಜುಂಡಸ್ವಾಮಿ. ನಕ್ಕರು, ಕೆಮ್ಮಿದರು. ಆ ಕೆಮ್ಮು ಅವತ್ತು ನಿಲ್ಲಲಿಲ್ಲ. ಕರವಸ್ತ್ರವನ್ನು ಮಡಿಚಿ ಜೇಬಿಗೆ ಹಾಕಿಕೊಂಡಾಗ ಅದರ ಕೆಂಪು ಎಲೆಯಡಿಕೆಯದೆಂದೇ ನಾನು ತಿಳಿದೆ. ಸೇತುವೆಯ ನಕ್ಷೆಯಲ್ಲಿ ಕೂದಲೆಳೆಯ ತಪ್ಪನ್ನು ಹಿಡಿಯುವವನಿಗೆ, ನಂಜುಂಡಸ್ವಾಮಿ ಎಲೆಯಡಿಕೆ ಹಾಕುವವರೇ ಅಲ್ಲ ಎಂಬುದು ಹೊಳೆಯಲಿಲ್ಲ.

ಅವರು ಕ್ಷಯದ ಆಸ್ಪತ್ರೆ ಸೇರಿದರು. ಡಾಕ್ಟರು ಸೂಜಿಯಿಂದ ಎದೆಗೆ ಗಾಳಿ ತುಂಬಿ, ಅವರ ಒಂದು ಶ್ವಾಸಕೋಶವನ್ನು ಕುಗ್ಗಿಸಿ ಅದಕ್ಕೆ ಕೆಲಸ ಬಿಡಿಸಿದರು. ಪ್ರತಿ ಭಾನುವಾರ ನಾನು ಪತ್ರಿಕೆ ಹಿಡಿದು ಹೋಗಿ ಅವರಿಗೆ ಧಾರಾವಾಹಿ ಓದುವುದೆಂದು ಏರ್ಪಾಡಾಯಿತು. ಅಷ್ಟರಲ್ಲಿ ನಾನು ಒಂದು ದೊಡ್ಡ ತಪ್ಪನ್ನು ಹಿಡಿದಿದ್ದೆ. ರಾಕೆಟ್ಟಿನಲ್ಲಿ ಪ್ರಾಣವಾಯುವಿನ ಸಿಲಿಂಡರ್ ಹದಿನೆಂಟು. ಒಂದು ಸಿಲಿಂಡರ್ ಒಬ್ಬನಿಗೆ ಇಪ್ಪತ್ತು ದಿನ ಬರುತ್ತದೆಂದು ಲೇಖಕರೇ ಬರೆದಿದ್ದರು. ಪ್ರಯಾಣ ಎಂಬತ್ತು ದಿನದ್ದು. ಐವರಿಗೆ ಇಪ್ಪತ್ತು ಸಿಲಿಂಡರ್ ಬೇಕು, ಎರಡು ಕಡಿಮೆ. ಪತ್ರಿಕೆಗೆ ಕಾಗದ ಬರೆದೆ. "ಲೆಕ್ಕ ಸರಿ ಇರಬೋದು ಕಣ್ರೀ, ಕಳಿಸ್ಬ್ಯಾಡಿ. ಆ ಮನುಷ್ಯ ಎಂಗೋ ಕರ್ಕೊಂಡು ಹೋಗ್ತಾವ್ನೆ, ಹೋಗ್ಲಿ ಬುಡಿ" ಎಂದರು ಗೌಡರು. ನಾನು ಕಳಿಸಿದೆ. ಹೊಗಳಲಿ ಎಂಬ ಆಸೆಯಿಂದ ಅದರ ನಕಲನ್ನು ಆಸ್ಪತ್ರೆಯಲ್ಲೂ ಓದಿದೆ.

ನಂಜುಂಡಸ್ವಾಮಿ ಹೊಗಳಲಿಲ್ಲ. "ಹಾಗಾದ್ರೆ ಯಾರನ್ನ ಇಳಿಸ್ತಾರೆ ರಾಯರೇ?" ಎಂದರು.

"ಯಾರನ್ನೂ ಯಾಕೆ ಇಳಿಸಬೇಕು? ಎರಡು ಸಿಲಿಂಡರ್ ಜಾಸ್ತಿ ಬರೆದರಾಯಿತು" ಎಂದೆ.

"ಅಷ್ಟು ಮಾಡ್ಲಿ. ಪುಟ್ಟಯ್ಯ ಮಂಗಳದಲ್ಲಿ ಇಳಿದ ದಿನ ನಾನೂ ಈ ಮಂಚ ಇಳೀತೀನಿ ಅಂತ ನಂಜುಂಡೇಶ್ವರನಿಗೆ ಹೇಳ್ಕೊಂಡಿದೀನಿ" ಎಂದರು.

ಮೂರು ವಾರ ಕಳೆಯಿತು. ಬುಧವಾರ ಡ್ರಾಯರ್ ತೆಗೆದು ಗೌಡರೇ ಓದಿದರು. ಗಾಳಿ ಐವರಿಗೆ ಸಾಲದೆಂದು ರಾಕೆಟ್ಟಿನ ನಾಯಕನಿಗೆ ಗೊತ್ತಾಗುತ್ತದೆ. ಎಲ್ಲರೂ ಮಲಗಿರುವಾಗ ಪುಟ್ಟಯ್ಯ ಸ್ಪ್ಯಾನರನ್ನು ಒರೆಸಿ ಅದರ ಜಾಗದಲ್ಲಿಟ್ಟು, ಬಾಗಿಲು ತೆರೆದು ಹೊರಗೆ ಹೋಗಿಬಿಡುತ್ತಾನೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಲೆಕ್ಕದ ದೋಷವನ್ನು ತೋರಿಸಿಕೊಟ್ಟ ಮೈಸೂರಿನ ವಾಚಕರಿಗೆ ಲೇಖಕರ ಕೃತಜ್ಞತೆಗಳು ಎಂದು ನನ್ನ ಪೂರ್ತಿ ಹೆಸರು. ನನ್ನ ಹೆಸರು ಅಚ್ಚಾದದ್ದು ಅದೇ ಮೊದಲು. ಗೌಡರು ಪತ್ರಿಕೆ ಮಡಿಚಿ ನನ್ನ ಮೇಜಿನ ಮೇಲಿಟ್ಟು, ಡಬ್ಬಿ ತೊಳೆಯಲು ಹೋದರು. ನಾನು ನನ್ನ ಡಬ್ಬಿಗೆ ಮುಚ್ಚಳ ಹಾಕಿದೆ.

ಭಾನುವಾರ ಮಂಚದ ಪಕ್ಕ ಕೂತು ಪತ್ರಿಕೆ ಬಿಡಿಸಿ, ಅದರಲ್ಲಿ ಇಲ್ಲದ್ದನ್ನು ಓದತೊಡಗಿದೆ. ಪುಟ್ಟಯ್ಯ ತನ್ನ ಆಸನದ ಅಡಿಯಲ್ಲಿ ಎರಡು ಸಿಲಿಂಡರ್ ಕಂಡುಹಿಡಿದ. ನಂಜುಂಡಸ್ವಾಮಿ ಕಣ್ಣು ಮುಚ್ಚಿಕೊಂಡೇ, "ಹೊರಡೋವಾಗ ಎಲ್ಲಾ ತೂಕ ಹಾಕಿದ್ರಲ್ಲ, ಆಗ ಕಾಣ್ಲಿಲ್ವಾ?" ಎಂದರು.

"ಕತೆ ಕಣ್ರೀ, ಬಿಡಿ" ಎಂದೆ. ಈ ಮಾತು ನನ್ನ ಬಾಯಲ್ಲಿ! ಹೀಗೇ ಏಳು ಭಾನುವಾರ ನಡೆಯಿತು. ವಾರವಿಡೀ ನಾನು ಕತೆ ಕಟ್ಟುವುದು, ಅವರು ಒಂದೊಂದು ತೂತು ತೋರಿಸುವುದು, ನಾನು ಬೆವರುತ್ತಾ ತೇಪೆ ಹಾಕುವುದು. ಎಂಟನೆಯ ಭಾನುವಾರ ಪುಟ್ಟಯ್ಯನನ್ನು ಮಂಗಳದಲ್ಲಿ ಇಳಿಸಿ, ಆ ಕೆಂಪು ಮಣ್ಣಿನ ಮೇಲೆ ಮನಸಾರೆ ಉಗುಳಿಸಿದೆ. ನಂಜುಂಡಸ್ವಾಮಿ ನಗಲು ಹೋದರು, ಉಸಿರು ಸಾಲಲಿಲ್ಲ. ಗುರುವಾರ ಹೋಗಿಬಿಟ್ಟರು.

ಹದಿನೈದು ದಿನದ ಮೇಲೆ ಅವರ ಹೆಂಡತಿ ಗೌರಮ್ಮನವರು ಒಂದು ಕಟ್ಟು ತಂದುಕೊಟ್ಟರು. ಬಿಚ್ಚಿದರೆ ಅದೇ ವಾರಪತ್ರಿಕೆ, ಒಂದು ಸಂಚಿಕೆಯೂ ತಪ್ಪದೆ. "ಬುಧವಾರ ಬುಧವಾರ ನಾನೇ ಅಂಗಡಿಯಿಂದ ಆಸ್ಪತ್ರೆಗೆ ತಂದ್ಕೊಡ್ತಿದ್ದೆ ಸ್ವಾಮಿ. ಓದಿ ದಿಂಬಿನ ಕೆಳಗೆ ಇಟ್ಕೊಳ್ಳೋರು. ಆದ್ರೂ ರಾಯರು ಓದೋ ಕತೆನೇ ಚೆನ್ನಾಗದೆ, ನೀನು ಏನೂ ಹೇಳ್ಬ್ಯಾಡ ಅನ್ನೋರು" ಎಂದರು.

ಪುಟ್ಟಯ್ಯ ಹೊರಗೆ ಹೋದ ಸಂಚಿಕೆಯನ್ನು ತೆಗೆದೆ. ನನ್ನ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ನಂಜುಂಡಸ್ವಾಮಿಯವರ ನಡುಗುವ ಅಕ್ಷರ: 'ಪುಟ್ಟಯ್ಯನಿಗೆ ಒಂದೇ ಶ್ವಾಸಕೋಶ. ಅರ್ಧ ಆಳಿನ ಗಾಳಿ ಸಾಕು. ನಾಲ್ಕೂವರೆ ಆಳು, ಎಂಬತ್ತು ದಿನ, ಹದಿನೆಂಟು ಸಿಲಿಂಡರ್. ಸರಿಹೋಗುತ್ತೆ. ರಾಯರು ಇದನ್ನ ನೋಡಲಿಲ್ಲ.'

ಗುಣಿಸಿ ನೋಡಿದೆ. ಕರಾರುವಾಕ್ಕಾಗಿ ಸರಿಹೋಗುತ್ತದೆ. ಆದರೆ ಒಂದು ಶ್ವಾಸಕೋಶದವನಿಗೆ ಅರ್ಧ ಗಾಳಿ ಸಾಲುವುದಿಲ್ಲ. ಏದುಸಿರಿನವನಿಗೆ ಹೆಚ್ಚೇ ಬೇಕು. ಕೊನೆಯ ಭಾನುವಾರ ಆ ಮಂಚದ ಪಕ್ಕ ಕೂತು ಅದನ್ನು ಕಣ್ಣಾರೆ ಕಂಡಿದ್ದೇನೆ. ತಿದ್ದೋಣವೆಂದು ಜೇಬಿನಿಂದ ಪೆನ್ಸಿಲ್ ತೆಗೆದೆ, ಮತ್ತೆ ಒಳಗಿಟ್ಟೆ. ಬದುಕಿನಲ್ಲಿ ನಾನು ತಿದ್ದದೆ ಬಿಟ್ಟ ತಪ್ಪು ಅದೊಂದೇ. ಆದರೂ ಅದು ತಪ್ಪೆಂದು ನಿಮಗಾದರೂ ಹೇಳದೆ ಇರಲಾಗಲಿಲ್ಲ, ನೋಡಿ.