ಅತ್ತೆಯ ಕೈ ಮತ್ತು ಐರಿಶ್ ಕಾಲು

ನನ್ನ ಅತ್ತೆಯ ಎರಡೂ ಕೈ ಹಿಡಿದುಕೊಂಡರೆ ಅವಳ ಮಾತು ನಿಂತುಹೋಗುತ್ತದೆ. ಇದು ಸಿಂಗಾಪುರದ ಸೆರಂಗೂನಿನ ನಮ್ಮ ಇಡೀ ಅಪಾರ್ಟ್‌ಮೆಂಟ್ ಬ್ಲಾಕಿಗೇ ಗೊತ್ತು. ಅಪ್ಪನ ಅಕ್ಕ, ಧಾರವಾಡದವಳು. ಮಾತಿನ ಭರದಲ್ಲಿ ಕೈ ಬೀಸಿ, ಹಿಡಿದಿದ್ದ ಫೋನನ್ನೇ ಸೋಫಾದ ಹಿಂದೆ ಎಸೆದವಳು! ಇಂಥವಳು ಕಲಿಯಲು ಆರಿಸಿಕೊಂಡದ್ದು ಏನು? ಐರಿಶ್ ಡ್ಯಾನ್ಸ್! ಕಾಲು ಕಾದ ಹಂಚಿನ ಮೇಲೆ ನಿಂತಂತೆ ಕುಣಿಯಬೇಕು; ಕೈಗಳು ಮಾತ್ರ ತಮಗೂ ಈ ಗಲಾಟೆಗೂ ಸಂಬಂಧವೇ ಇಲ್ಲ ಎಂಬಂತೆ ಸುಮ್ಮನೆ ಇಳಿಬಿದ್ದಿರಬೇಕು.

"ಯಾಕತ್ತಿ, ಭರತನಾಟ್ಯ ಸೇರ್ಕೋಬಹುದಿತ್ತಲ್ವಾ?" ಎಂದೆ.

"ಅದಕ್ಕ ಮಾರಿ ಮ್ಯಾಲೂ ಅಭಿನಯ ಬೇಕಪಾ. ಇದಕ್ಕ ಕಾಲು ಸಾಕು. ನೀನೂ ಬಾ. ಮೊಬೈಲ್ ನೋಡಿ ನೋಡಿ ಕುತಗಿ ಕೊಕ್ಕರಿ ಆಗೇದ."

ಹೋದೆ. ಪಾಸಿರ್ ರಿಸ್‌ನಲ್ಲಿ ಕ್ಲಾಸು. ಟೀಚರ್ ಜರ್ಮನಿಯ ಯಾವುದೋ ಕಡಲತೀರದ ಊರಿನವಳು, ಐರಿಶ್ ಕುಣಿತವನ್ನು ಅಲ್ಲೇ ಕಲಿತವಳಂತೆ. ಮೊದಲ ದಿನವೇ ನಾನು ನನ್ನ ಎಡಗಾಲನ್ನು ನನ್ನದೇ ಬಲಗಾಲಿಗೆ ಗಂಟು ಹಾಕಿ, ಹೋಗಿ ಗೋಡೆಯ ಕನ್ನಡಿಯನ್ನು ಅಪ್ಪಿಕೊಂಡೆ. ಕನ್ನಡಿಯಲ್ಲಿದ್ದವನೂ ನನ್ನನ್ನು ಹಿಡಿಯಲಿಲ್ಲ.

ಆದರೆ ಎಲ್ಲರೂ ನೋಡುತ್ತಿದ್ದದ್ದು ಅತ್ತೆಯನ್ನು. ಹಾಡು ಶುರುವಾದೊಡನೆ ಅವಳ ಅಂಗೈಗಳು ಮೇಲೆದ್ದು ತಪತಪ ಗಾಳಿ ಬಡಿಯತೊಡಗಿದವು.

"ಏನು ಮಾಡ್ತಿದಾರೆ ಇವರು?" ಎಂದು ಟೀಚರ್ ಇಂಗ್ಲಿಷಿನಲ್ಲಿ ಕೇಳಿದಳು.

ಏನೆಂದು ಹೇಳಲಿ? ತಾಳ ಕೇಳಿದರೆ ಅತ್ತೆಯ ಕೈ ಜೋಳದ ರೊಟ್ಟಿ ಬಡಿಯುತ್ತದೆ. ಅದನ್ನೇ ಹೇಳಿದೆ. ಟೀಚರ್ ನಗಲಿಲ್ಲ. ರಿಹರ್ಸಲ್‌ನಲ್ಲಿ ರೊಟ್ಟಿ ಬಡಿದರೆ ಕ್ಲಾಸಿನವರ ಶೋನಲ್ಲಿ ಸ್ಟೇಜ್ ಹತ್ತುವಂತಿಲ್ಲ, ಅಷ್ಟೇ ಅಂದಳು.

ಮನೆಯ ದಾರಿಯಲ್ಲಿ ಅತ್ತೆ ಮೆಲ್ಲಗೆ, "ಸಾಲಿ ಗ್ಯಾದರಿಂಗಿನ್ಯಾಗ ಕುಣೀತೀನಿ ಅಂದ್ರ ನಮ್ಮಪ್ಪ ಬಿಡಲಿಲ್ಲ. ಒಮ್ಮೆರೆ ಸ್ಟೇಜ್ ಹತ್ತಬೇಕೋ" ಎಂದಳು. ಗ್ಯಾದರಿಂಗ್ ಎಂದರೆ ಅವರ ಕಡೆ ಶಾಲೆಯ ವಾರ್ಷಿಕೋತ್ಸವ.

ಈಗ ಇದು ನನ್ನ ಮಾನದ ಪ್ರಶ್ನೆಯೂ ಆಯಿತು. ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎಂಬ ಖಾಲಿ ಪಡಸಾಲೆಯಲ್ಲಿ ತರಬೇತಿ. ಭಾರಕ್ಕೆ ಕೈ ನಿಲ್ಲಲಿ ಎಂದು ಎರಡೂ ಕೈಗೆ ನೀರಿನ ಬಾಟಲಿ ಕೊಟ್ಟೆ. ಬಾಟಲಿ ಸಮೇತ ರೊಟ್ಟಿ ಬಡಿದಳು. ಒಂದು ರೊಟ್ಟಿ ನನ್ನ ಹಣೆಯ ಮೇಲೆ ಬೆಂದಿತು. ಕೊನೆಗೆ ದುಪಟ್ಟಾದಿಂದ ಅವಳ ಕೈ ಕಟ್ಟುತ್ತಿದ್ದಾಗ ಮೂರನೇ ಮಹಡಿಯ ಮೈಸೂರಿನ ಆಂಟಿ ಬಂದರು.

"ಏನೋ ಇದು? ಪೊಲೀಸ್ ಕರೀಲಾ?"

"ಡ್ಯಾನ್ಸ್ ಪ್ರಾಕ್ಟೀಸ್ ಲಾ, ಆಂಟಿ" ಎಂದೆ, ಸಿಂಗಾಪುರದ ಧಾಟಿಯಲ್ಲಿ.

ಅವರು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ರಿಹರ್ಸಲ್ ದಿನ ಹಾಡು ಶುರುವಾಯಿತು. ಅತ್ತೆಯ ಬೆರಳುಗಳು ಮಿಸುಕಿದವು. ಕಣ್ಣು ಮುಚ್ಚಿದಳು. ಕೈ ಕಲ್ಲಾಯಿತು! ಟೀಚರ್ ಅವಳನ್ನು ಮುಂದಿನ ಸಾಲಿಗೆ ತಂದು ನಿಲ್ಲಿಸಿದಳು.

ಶೋ ದಿನವೂ ಹಾಗೆಯೇ. ಕಾಲು ಸಿಡಿಲು, ಕೈ ನಿಶ್ಚಲ. ಎಲ್ಲರೂ ಬಲಕ್ಕೆ ತಿರುಗಿದಾಗ ಎಡಕ್ಕೆ ತಿರುಗಿದ ಏಕೈಕ ಕಲಾವಿದ ನಾನು. ನೇರ ಪರದೆಯೊಳಕ್ಕೆ ಹೊಕ್ಕೆ. ಹೊರಬಂದಾಗ ಸಭೆ ಎದ್ದುನಿಂತು ಚಪ್ಪಾಳೆ ತಟ್ಟುತ್ತಿತ್ತು. ನನಗಲ್ಲ ಬಿಡಿ.

ಮನೆಗೆ ಮರಳುವಾಗ ಎಂಆರ್‌ಟಿ ರೈಲಿನಲ್ಲಿ ಕೇಳಿದೆ, "ಅತ್ತಿ, ಕೈ ಹೇಗೆ ಕಂಟ್ರೋಲ್ ಆಯ್ತು?"

"ನೀ ಕೂಸಿದ್ದಾಗ, ನಿಮ್ಮವ್ವ ಆಫೀಸಿಗೆ ಹೋದಮ್ಯಾಲೆ ನನ್ನ ತೋಳಮ್ಯಾಲೇ ಮಲಗ್ತಿದ್ದಿ. ಒಂಚೂರು ಅಲುಗಿದ್ರೂ ಎದ್ದು ಅಳ್ತಿದ್ದಿ. ಇವತ್ತೂ ಅಲ್ಲೇ ಮಲಗೀದಿ ಅನ್ಕೊಂಡೆ, ಅಷ್ಟ."

ಹಾಗೆಂದು ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆಹೋದಳು. ನಾವು ಇಳಿಯಬೇಕಾದ ಸ್ಟೇಷನ್ ಬಂತು, ಹೋಯಿತು. ನಾನು ಅಲುಗಾಡಲಿಲ್ಲ.