ದೇರೆಬೈಲಿನ ಮನೆಗೆ ಜನ ಸಿಕ್ಕಿದ್ದು

ಬಾಡಿಗೆ ಮನೆಗಳಿದ್ದಲ್ಲಿ ತಮಾಷೆಗೆ ಬರಗಾಲವಿಲ್ಲ. ಮನೆಗಳನ್ನು ನೋಡಿಕೊಳ್ಳುವವನಿಗೆ ನಗುವ ಹಕ್ಕು ಮಾತ್ರ ಇರುವುದಿಲ್ಲ. ಅದು ಕೆಲಸ ಬಿಟ್ಟ ಮೇಲೆ ಬರುತ್ತದೆ. ನನಗೆ ಈಗ ಬಂದಿದೆ.

ಕೆಲಸ ಸಿಕ್ಕಿದ್ದು

ಐವತ್ತರ ದಶಕದ ನಡುವಿನಲ್ಲಿ ಮದರಾಸಿನಲ್ಲಿ ತರ್ಕಶಾಸ್ತ್ರ ಓದಿ, ಬಿ.ಎ. ಮಾಡಿಕೊಂಡು ಮಂಗಳೂರಿಗೆ ಬಂದೆ. ಊರಿಗೆ ತರ್ಕದ ಅಗತ್ಯ ಇದ್ದಂತೆ ಕಾಣಲಿಲ್ಲ. ಕೊನೆಗೆ ಬಂದರಿನ ಒಬ್ಬ ಬ್ಯಾರಿ ಸಾಹುಕಾರರು ಕರೆಸಿದರು.

"ಜಗಳ ಆಡಲಿಕ್ಕೆ ಬರ್ತದಾ?"

"ವಾದ ಮಾಡಲಿಕ್ಕೆ ಬರ್ತದೆ."

"ಅದೇ ಅಲ್ವಾ, ಸ್ವಲ್ಪ ನಿಧಾನದ್ದು. ನೋಡಿ, ಜೆಪ್ಪುವಿನಲ್ಲಿ, ಕಾವೂರಿನಲ್ಲಿ ನನ್ನ ಮನೆಗಳು ಉಂಟು. ಅದನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು. ದೇರೆಬೈಲಿನಲ್ಲಿ ಒಂದು ಉಂಟು, ಅಲ್ಲಿ ಯಾರೂ ನಿಲ್ಲುವುದಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅಲ್ಲಿ ಜನ ಕೂರಿಸಿದರೆ ನಿಮ್ಮ ಕೆಲಸ ಖಾಯಂ. ಇಲ್ಲದಿದ್ದರೆ ಬೇರೆ ಕಡೆ ನೋಡಿ."

"ಯಾಕೆ ನಿಲ್ಲುವುದಿಲ್ಲ?"

"ಮನೆಯ ಮಧ್ಯದಲ್ಲಿ ದೈವ ಓಡಾಡುವ ದಾರಿ ಉಂಟಂತೆ. ನಾನು ನಂಬುವುದಿಲ್ಲ."

"ಹಾಗಾದರೆ ನೀವೇ ಇರಬಹುದಲ್ಲ?"

"ನಂಬುವುದಿಲ್ಲ ಅಂದೆ ಮಾರಾಯ್ರೆ. ಹೆದರುವುದಿಲ್ಲ ಅಂದೆನಾ?"

ಜೆಪ್ಪುವಿನ ರಾಟೆ

ಜೆಪ್ಪುವಿನ ಎರಡು ಮನೆಗಳಿಗೆ ಸೇರಿ ಒಂದೇ ಬಾವಿ. ಒಂದರಲ್ಲಿ ಶಾಲೆಯ ಮಾಸ್ಟ್ರು, ಇನ್ನೊಂದರಲ್ಲಿ ದರ್ಜಿ. ಬೆಳಕು ಹರಿಯುವ ಮೊದಲೇ ಬಾವಿಯ ರಾಟೆ ಕಿರುಚುತ್ತದೆ, ನಿದ್ದೆ ಇಲ್ಲ ಎಂದು ಮಾಸ್ಟ್ರು ದೂರು ಕೊಟ್ಟರು. ಎಣ್ಣೆ ಹಾಕಿಸಿದೆ.

ಮರುದಿನ ಮಾಸ್ಟ್ರ ಹೆಂಡತಿಯೇ ಬಂದರು. "ಎಣ್ಣೆ ಹಾಕಿಸಿದ್ದು ನೀವಾ? ಸದ್ದಿಲ್ಲದಿದ್ದರೆ ಆಚೆಯವಳು ಎಷ್ಟು ನೀರು ಸೇದಿದಳು ಅಂತ ನನಗೆ ಗೊತ್ತಾಗುವುದು ಹೇಗೆ?"

ಆಕೆಯ ಹಿಂದೆಯೇ ದರ್ಜಿಯ ಹೆಂಡತಿ ಬಂದಳು. ಅವಳ ದೂರೂ ಅದೇ. ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಅದೇ ಮೊದಲಂತೆ.

ಅಂಟುವಾಳ ಹಾಕಿ ತಿಕ್ಕಿಸಿ ಎಣ್ಣೆ ತೆಗೆಸಿದೆ. ರಾಟೆ ಕಿರುಚತೊಡಗಿತು, ಮನುಷ್ಯರು ಸುಮ್ಮನಾದರು.

ವಿಜ್ಞಾನ ಓದಿದವರು

ದೇರೆಬೈಲಿನ ಮನೆ ನೋಡಲು ಒಬ್ಬ ಬ್ಯಾಂಕ್ ಗುಮಾಸ್ತರು ಬಂದರು. ಗಾಳಿ, ಬೆಳಕು, ಅಡುಗೆಮನೆ ಎಲ್ಲ ಮೆಚ್ಚಿದರು. "ದೈವ ಗೀವ ಎಲ್ಲ ನನಗಿಲ್ಲ. ನಾನು ಸಾಯನ್ಸ್ ಓದಿದವನು" ಎಂದರು. ನನಗೆ ಖುಷಿಯಾಯಿತು. ಅಷ್ಟರಲ್ಲಿ ಬೇಲಿಯಾಚೆಯಿಂದ ನೆರೆಮನೆಯ ಅಕ್ಕ ತಲೆ ಎತ್ತಿದರು.

"ಎದುರಿನ ಬಾಗಿಲು, ಹಿಂದಿನ ಬಾಗಿಲು ಎರಡೂ ತೆರೆದಿಡಬೇಕು, ಆಯ್ತಾ? ಅದು ಈ ಕಡೆಯಿಂದ ಬಂದು ಆ ಕಡೆ ಹೋಗುವುದು. ಮುಚ್ಚಿದರೆ ಅದಕ್ಕೆ ಕೋಪ."

"ಮಳೆ ಬಂದರೆ?" ಗುಮಾಸ್ತರು ಕೇಳಿದರು.

"ಮಳೆಯೂ ಅದೇ ದಾರಿಯಲ್ಲಿ ಹೋಗ್ತದೆ."

ಗುಮಾಸ್ತರು ಕೊಡೆ ಬಿಡಿಸಿದರು. "ನನಗೆ ಎಂತದೂ ಇಲ್ಲ. ಹೆಂಡತಿಯದ್ದು ಶೀತದ ದೇಹ."

ನಾನೇ ಹೋಗಿ ಕೂತದ್ದು

ಮಳೆಗಾಲ ಅರ್ಧ ಕಳೆದಿತ್ತು. ಬೇರೆ ದಾರಿ ಕಾಣದೆ ಚಾಪೆ, ಟ್ರಂಕು, ಸೀಮೆಎಣ್ಣೆ ಸ್ಟೌ ಹಿಡಿದುಕೊಂಡು ನಾನೇ ಆ ಮನೆಗೆ ಹೋದೆ. ಎರಡೂ ಬಾಗಿಲು ಹಾಕಿ ಮಲಗಿದೆ. ಬೆಳಿಗ್ಗೆ ಬೇಲಿಯ ಬಳಿ ಅಕ್ಕ ಕಾಯುತ್ತಿದ್ದರು.

"ನಿದ್ದೆ ಬಂತಾ?"

"ಬಂತು."

"ಕನಸು?"

"ಇಲ್ಲ."

ಅವರ ಮುಖ ಸಪ್ಪೆಯಾಯಿತು. ಮುಂದೆ ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ಮಳೆ ಹಿಂದೆಗೆಯುವ ಹೊತ್ತಿಗೆ ಗುಮಾಸ್ತರನ್ನು ಮತ್ತೆ ಕರೆಸಿ, ಅಕ್ಕನ ಎದುರಿನಲ್ಲೇ ಹೇಳಿದೆ: "ಬಾಗಿಲು ಹಾಕಿಯೇ ಮಲಗಿದ್ದೇನೆ. ದೈವ ಬರಲಿಲ್ಲ. ಆದ್ದರಿಂದ ದೈವ ಇಲ್ಲ."

"ಇಲ್ಲದಿದ್ದರೆ ನಿಮ್ಮನ್ನು ನೋಡಿ ದಾರಿ ಬದಲಿಸಿದ್ದು ಯಾರು?" ಎಂದರು ಅಕ್ಕ. "ಎಂತದನ್ನೂ ನಂಬದವರು ಮಲಗಿದಲ್ಲಿ ಕಾಲಿಟ್ಟರೆ ಅದಕ್ಕೆ ಮೈಲಿಗೆ ಅಲ್ವಾ? ಇವರು ಇರುವವರೆಗೆ ಬರುವುದಿಲ್ಲ."

"ಇವರು ಹೋದರೆ?" ಎಂದರು ಗುಮಾಸ್ತರು.

"ಹೋದರೆ ಬರ್ತದೆ."

ಮದರಾಸಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಗುಮಾಸ್ತರು ಸಾಯನ್ಸ್ ಓದಿದವರ ಹಾಗೆ ಸ್ವಲ್ಪ ಯೋಚಿಸಿ, ಮನೆ ತೆಗೆದುಕೊಳ್ಳುತ್ತೇನೆ, ಆದರೆ ಇವರು ಬದಿಯ ಕೋಣೆಯಲ್ಲೇ ಇರಬೇಕು ಎಂದರು.

ಸಾಹುಕಾರರಿಗೆ ವರದಿ ಒಪ್ಪಿಸಿದೆ. "ಕೆಲಸ ಖಾಯಂ ಆಯಿತಲ್ಲ," ಎಂದರು ಅವರು, "ನೀವೂ ಅಲ್ಲೇ ಖಾಯಂ."

ಬದಿಯ ಕೋಣೆಯಲ್ಲಿ ನನಗೆ ಕಷ್ಟವೇನೂ ಆಗಲಿಲ್ಲ. ಗುಮಾಸ್ತರ ಮನೆಯ ಸಾರು ಚೆನ್ನಾಗಿತ್ತು, ಆಗಾಗ ನನ್ನವರೆಗೂ ಬರುತ್ತಿತ್ತು. ಊರಿನವರು ಸಂಕ್ರಮಣಕ್ಕೆ ದೈವಕ್ಕೆ ಸೀಯಾಳ, ಬಾಳೆಹಣ್ಣು ಇಡುವ ಕ್ರಮ. ಆ ಸಲದ ಸಂಕ್ರಮಣದಂದು ಬಾಗಿಲು ತೆರೆದರೆ ನನ್ನ ಹೊಸ್ತಿಲ ಮುಂದೆ ಎಲೆಯ ಮೇಲೆ ಒಂದು ಸೀಯಾಳ, ಬಾಳೆಹಣ್ಣು, ಅವಲಕ್ಕಿ. ಪಕ್ಕದಲ್ಲಿ ಅಕ್ಕ.

"ಇದೆಂತ ಅಕ್ಕ?"

"ಸುಮ್ಮನೆ ತೆಗೆದುಕೊಳ್ಳಿ. ನೀವು ಮುನಿಸಿಕೊಂಡು ಹೋಗಬಾರದಲ್ಲ."

ದೈವವಿಲ್ಲ ಎಂಬ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಪ್ರತಿ ಸಂಕ್ರಮಣಕ್ಕೂ ಅಕ್ಕನಿಗೆ ಅದನ್ನು ಸ್ಪಷ್ಟವಾಗಿ ಹೇಳಿಯೇ ಸೀಯಾಳ ಕುಡಿಯುತ್ತಿದ್ದೆ. ಅಕ್ಕ ಕೈಮುಗಿದು ಕೇಳುತ್ತಿದ್ದರು.